ಓರೆ ಕಟಾಂಜನ

ಹನ್ನೊಂದು ಮೆಟ್ಟಲ. ಕಟ್ಟಿದ ಗೌಂಡಿ ಯಾವ ಗುಂಗಿನ್ಯಾಗಿದ್ದನೋ,
ಮೊದಲನೇದು ಏಳಿಂಚು, ಎರಡನೇದು ಆರೂವರೆ,
ಏಳನೇದು ನೋಡಿದರ ಒಂಬತ್ತು.
ಶಾವಂತ್ರೆವ್ವ ಬಿದ್ದದ್ದು ಅಲ್ಲೇ.
ತಲಿ ಮ್ಯಾಲಿನ ಚೀಲ ಅಂಗಳದಾಗ ಹರದು
ಮೆಣಸಿನಕಾಯಿ ಕೆಂಪಗ ಚೆಲ್ಲಿ,
ಮೊದಲು ಓಡಿ ಬಂದವರು ರಕ್ತ ಅಂತ ಚೀರಿದರಂತ.

ಅಣ್ವೇರಿ ಸಾವಕಾರರು ಕರೆ ಕಳಿಸಿದರು:
ದಾವಲಸಾಬ, ಕಟಾಂಜನ ಕೂಡಿಸು, ಮೂರು ಫೂಟು ಎತ್ತರ,
ಎಲ್ಲಾ ಕಡೆ ಹಂಗ ಇರತೈತಿ.
ಸಂಕ್ರಾಂತಿ ಒಳಗ ಮುಗಿಸು, ಬ್ಯಾಡಗಿ ಸೀಜನ್ ನಿನಗ ನಿಲ್ಲೂದಿಲ್ಲ.

ನಾ ಟೇಪು ಬಿಚ್ಚಲಿಲ್ಲ. ಕೊರಳಿಗೆ ಕೈ ಕಟಗೊಂಡು
ಒಂದ ಕೈಲೆ ತೊಟ್ಟು ಬಿಡಸಾಕ ಕುಂತಿದ್ದ ಆಕಿನ್ನ ಕೇಳಿದೆ:
ಬೀಳೂಮುಂದ ಕೈ ಎಲ್ಲಿಗೆ ಹೋತವ್ವ?
ಉಳಿದವರು ನಕ್ಕರು.
ಆಕಿ ಎದ್ದು ಬಂದು, ಏಳನೇದರ ಮ್ಯಾಲೆ ನಿಂತು,
ಛಲೋ ಇದ್ದ ಕೈ ಚಾಚಿ
ಗಾಳ್ಯಾಗ ಒಂದು ಜಾಗ ಹಿಡಕೊಂಡಳು.
ಇಲ್ಲಿ, ಅಂದಳು. ಇಲ್ಲಿ ಏನೂ ಇರಲಿಲ್ಲ.

ಮೂವತ್ತೊಂದೂವರೆ ಇಂಚು.
ಖಡುವಿನಿಂದ ಅಂಗೈ ಮ್ಯಾಲೆ ಬರಕೊಂಡೆ.

ಕೆಳಗಿನ ಮೆಟ್ಟಲದಿಂದ ಮಾಳಗಿ ಅಂಚಿಗೆ ದಾರ ಎಳದೆ.
ದಾರಕ್ಕ ಗೌಂಡಿ ತಪ್ಪು ಗೊತ್ತಿಲ್ಲ,
ಅದು ಒಂದ ಉಸರಿಗೆ ಏರತೈತಿ.
ಚಪ್ಪಲಿ ಡಬ್ಬಿ ರಟ್ಟು ಹರದು ದಾರಕ್ಕ ಹಚ್ಚಿ ಗೆರಿ ಹೊಡದೆ,
ಆ ಓರೆಗೆ ಎಲ್ಲಾ ಕಂಬಿ ತಲಿ ಕೊಯ್ದೆ.
ಕಾಲು ಮಾತ್ರ ಒಂದೊಂದಕ್ಕ ಒಂದೊಂದು ಉದ್ದ,
ಆರನೇದು ಜಿರಾಫಿ, ಏಳನೇದು ಗಿಡ್ಡ.
ಮ್ಯಾಲಿನ ಪೈಪಿಗೆ ಅದು ತಿಳಿಬಾರದು.
ತೂಗುಗುಂಡು ಇಳಿಬಿಟ್ಟೆ. ಗಾಳಿಗೆ ತೂರ್ಯಾಡಿ ತೂರ್ಯಾಡಿ
ಒಮ್ಮೆ ಸುಮ್ಮನಾತು.
ಕಂಬಿಗೆ ಟಾಕಾ ಹೊಡದೆ.

ಪೈಪು ಓರೆ ಐತಿ, ಕಂಬಿ ಯಾಕ ನೆಟ್ಟಗ? ಬುಡನ್ ಕೇಳಿದ.
ಅದಕ್ಕೂ ಓರೆನ ನಿಲ್ಲಿಸಿದರ ಕೊಯ್ಯೂದು ಹಗರಲ್ಲ ಮಾಮು?
ಕಣ್ಣು ಮುಚ್ಚು, ಅಂದೆ.
ರಾಡು ಮುಟ್ಟಿಸಿದೆ.

ಸಾವಕಾರರು ಬಂದು ಟೇಪು ಹಿಡದು,
ನಾಕೂವರೆ ಇಂಚು ತಿಂದೀಯಲ್ಲೋ, ಅಂದರು.
ಐದುನೂರು ಹಿಡಕೊಂಡರು, ಯುಗಾದಿ ಆದ ಮ್ಯಾಲೆ ನೋಡೂಣಂತ.
ನಾ ಎರಡು ಕೈ ರೆಡ್ ಆಕ್ಸೈಡ್ ಬಳದು, ಮ್ಯಾಲೆ ಬೆಳ್ಳಿ ಬಣ್ಣ ಹೊಡದು,
ರಸ್ತೆದಾಚೆ ನಿಂತು ಒಂದು ಬೀಡಿ ಮುಗಿಯೂತನಕ ನೋಡಿದೆ.

ಯುಗಾದಿ ಆತು. ಹೋದೆ.
ಬೆಳ್ಳಿ ಬಣ್ಣ ಎಲ್ಲೈತಿ?
ಬುಡದಿಂದ ತುದಿತನಕ ಹಳೆ ಬಟ್ಟಿ ಹರದು ಸುತ್ಯಾರ:
ಇಳಕಲ್ ಸೀರಿ ಅಂಚು, ಬಣ್ಣ ಹೋದ ಹೂವಿನ ನೈಲೆಕ್ಸು,
ಯಾವುದೋ ಹುಡುಗಿಯ ಸಾಲಿ ನೀಲಿ,
ಗೇಣಿಗೊಂದು ಗಂಟು.
ಬಿಸಲಾಗ ನಿನ್ನ ಕಬ್ಬಣ ರೊಟ್ಟಿ ಹಂಚಾಗತೈತಪಾ, ಅಂದಳು ಮಕ್ತುಮಬಿ,
ಮೊದಲ ಉರಿಯೂ ಕೈ ನಮ್ಮವು.
ನಾಕನೇ ಕಂಬಿ ಹಂತೇಕ ಏನೋ ಚುಚ್ಚತಿತ್ತು,
ಅಲ್ಲಿ ಎರಡು ಸುತ್ತು ಹೆಚ್ಚ ಹಾಕೇವಿ.

ನಾಕನೇದು.
ಗ್ರೈಂಡರ್ ಹಿಡದಾಗ ಕರೆಂಟು ಹೋಗಿತ್ತು.
ನನಗೊಬ್ಬಗ ಗೊತ್ತೈತಿ ಅನಕೊಂಡಿದ್ದೆ.

ಮಾಳಗಿಗೆ ಹತ್ತಿ, ಒಣಹಾಕಿದ್ದು ನೋಡಿ, ಹಿಡಕೊಂಡ ಇಳದೆ.
ಏಳನೇದಕ್ಕ ಬಂದಾಗ ಕೈ ತಾನ ಬಿಗಿ ಆತು.
ಕೆಳಗ ಬಂದು ಮರತು ಕಣ್ಣು ಒರಸಿಕೊಂಡೆ.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ ಅಂತಾರ.
ಅಂದವರು ವೆಲ್ಡಿಂಗ್ ಕಣ್ಣಿಗೆ ಹಚ್ಚಿ ನೋಡಿಲ್ಲ.
ಮರ ಕೆಳಗಿಟ್ಟು ನಕ್ಕರು ಎಲ್ಲಾರೂ,
ಈ ಸಲ ಶಾವಂತ್ರೆವ್ವನೂ.
ತಂಬಿಗಿ ನೀರು ಹಿಡಿಸಿ,
ತಿಕ್ಕಬ್ಯಾಡ, ಅಂದಳು. ಉರದು ತಾನ ಇಳಿತೈತಿ.

ಐದುನೂರು ನೆನಪಾದದ್ದು
ಅಂಗಡಿ ಶಟರ್ ಎತ್ತಿದ ಮ್ಯಾಲೆ.